ಯಶೋಧರಾಳ ಫೀಸಿನ ಮುಯ್ಯಿ

ಹೊಸಮನೆಯ ಷಡಕ್ಷರಪ್ಪ ಜರಿ ಪಂಚೆಯುಟ್ಟು ಜನ್ನಾಪುರದ ಚಪ್ಪರದೊಳಗೆ ಕಾಲಿಟ್ಟವರೇ, "ಗಂಡು ಯಾವೂರಮ್ಮ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದರು. ಬಡಿಸುತ್ತಿದ್ದ ಹೆಂಗಸರು ಸೌಟು ಕೆಳಗಿಟ್ಟು ನಕ್ಕರು. ಗಂಡು ಇರಲಿಲ್ಲ. ಮದುವೆಯೇ ಇರಲಿಲ್ಲ.

ಷಡಕ್ಷರಪ್ಪನವರ ಮನೆಯ ರವಿಕೆಗಳನ್ನೆಲ್ಲ ಹೊಲಿಯುವ ಯಶೋಧರಾ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಭಾನುವಾರ ನಮ್ಮನೇಲಿ ಊಟ, ತಪ್ಪಿಸ್ಬೇಡಿ ಅಣ್ಣ." ನಲವತ್ತು ದಾಟಿದವಳಿಗೆ ಅಂತೂ ಕಂಕಣ ಕೂಡಿಬಂತು ಎಂದು ಉಳಿದದ್ದನ್ನು ಇವರೇ ಹೊಲಿದುಕೊಂಡಿದ್ದರು.

ಯಶೋಧರಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿತ್ತು ಕಾಲೇಜು. ವಿದ್ಯಾರ್ಥಿವೇತನ ಕೊಡುವವರು ವಯಸ್ಸು ಮೀರಿದೆ ಎಂದರು. ಸಾಲ ಕೊಡುವವರು ಅಪ್ಪನ ಸಹಿ ಬೇಕೆಂದರು. ಅಪ್ಪ ತೀರಿಕೊಂಡು ಯಾವ ಕಾಲವಾಗಿತ್ತೋ.

"ಊರಿನ ಮದುವೆಗೆಲ್ಲ ಮುಯ್ಯಿ ಹಾಕಿದೀನಿ. ನನ್ನ ಮದುವೇಲಿ ವಾಪಸ್ ಬರ್ಲಿ ಅಂತ ಕಾದ್ರೆ ಪೆನ್ಶನ್ ವಯಸ್ಸಾಗತ್ತೆ. ಎಲ್ರೂ ಫೀಸಿಗೇ ಹಾಕ್ಬಿಡಿ" ಎಂದಳು, ಪಾಯಸ ಬಡಿಸುತ್ತಾ. ಷಡಕ್ಷರಪ್ಪನವರ ಮಗಳ ಮದುವೆಗೂ ಬಂದು ಮುಯ್ಯಿ ಹಾಕಿದ್ದವಳು. ಮರೆತೆ ಎನ್ನುವ ಹಾಗಿರಲಿಲ್ಲ.

ವಧೂವರರಿಗೆಂದು ತಂದ ಲಕೋಟೆಯನ್ನು ಷಡಕ್ಷರಪ್ಪ ಅವಳ ಕೈಗಿಟ್ಟರು. ಆದರೆ ಅಂಗಡಿ ನಡೆಸುವ ಜೀವ, ಸುಮ್ಮನಿರಬೇಕಲ್ಲ?

"ಅಲ್ಲ ಮಾರಾಯ್ತಿ, ಪರೀಕ್ಷೇಲಿ ಫೇಲಾದ್ರೆ ನಮ್ಮ ಮುಯ್ಯಿ ವಾಪಸ್ ಕೊಡ್ತೀಯಾ?"

ಯಶೋಧರಾ ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು.

"ನಿಮ್ಮಳಿಯ ಕೆಲಸ ಬಿಟ್ಟು ವರ್ಷದಿಂದ ನಿಮ್ಮನೇಲೇ ಕೂತಿದಾರೆ. ನಾನು ಮುಯ್ಯಿ ವಾಪಸ್ ಕೇಳಿದ್ನಾ, ಅಣ್ಣ?"