ಅವ್ವ ಬಟ್ಟೆ ಒಗೆದ ಅಡಿಗಲ್ಲು

ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ಚುನಾವಣೆ ಬಂತೆಂದು ನನಗೆ ಗೊತ್ತಾಗುತ್ತದೆ. ಇವತ್ತು ಬೆಳಿಗ್ಗೆ ಬಚ್ಚಲ ಪಕ್ಕದಿಂದಲೇ ಆ ವಾಸನೆ ಬಂತು. ಹೋಗಿ ನೋಡಿದರೆ ಪಂಚಾಯ್ತಿಯ ಹನುಮಂತ ಅಂಟಿನ ಡಬ್ಬಿ, ಹಳೇ ಪೇಪರು ಹಿಡಿದು ನಮ್ಮ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

"ನೀತಿ ಸಂಹಿತೆ ಜಾರಿ ಆಗೇತ್ರಿ ಅಕ್ಕಾರ. ಕಲ್ಲಿನ ಮ್ಯಾಲಿನ ಹೆಸರು ಮುಚ್ಚಬೇಕು," ಎಂದ.

ನಗಬೇಡಿ. ನಮ್ಮ ಒಗೆಯುವ ಕಲ್ಲಿನ ಮೇಲೆ ಶಾಸಕರೊಬ್ಬರ ಹೆಸರಿದೆ. ನಾನು ಲಂಗ ಉಡುವಾಗಿನಿಂದ ನನ್ನ ಮಗ ಮೀಸೆ ಬಿಡುವವರೆಗೂ ಗೆಲ್ಲುತ್ತಲೇ ಬಂದ ಸಾಹೇಬರು. ಯಾರ ಮನೆಯ ಮದುವೆಯನ್ನೂ ತಪ್ಪಿಸಿದವರಲ್ಲ, ಯಾರ ಹೆಸರನ್ನೂ ಮರೆತವರಲ್ಲ. ಮರೆತದ್ದು ನಮ್ಮೂರ ಹೈಸ್ಕೂಲೊಂದನ್ನೇ. ನಾನು ಏಳನೇ ತರಗತಿಯಲ್ಲಿದ್ದಾಗ ಅದಕ್ಕೆ ಅಡಿಗಲ್ಲು ಹಾಕಿ, ಪೇಢೆ ಹಂಚಿ ಹೋದರು. ನಾನೂ ತಿಂದು ಬೆರಳು ನೆಕ್ಕಿದ್ದೆ. ಹೈಸ್ಕೂಲು ಬರಲಿಲ್ಲ. ಹೈಸ್ಕೂಲಿದ್ದ ಹಿರೇಹಡಗಲಿಗೆ ಆಗ ಬಸ್ಸೂ ಇರಲಿಲ್ಲ. ನನ್ನ ಓದು ಅಲ್ಲಿಗೇ ನಿಂತಿತು.

ಎರಡು ವರ್ಷ ಆ ಕಲ್ಲಿನ ಮೇಲೆ ಆಡುಗಳು ಮಲಗಿದವು. ಒಂದು ದಿನ ಅವ್ವ ಬಂಡಿ ಹೂಡಿಸಿ ಅದನ್ನು ಮನೆಗೆ ತಂದಳು. ಅಕ್ಷರ ಮೇಲೆ ಮಾಡಿಯೇ ಹಾಕಿಸಿದಳು. ಅಕ್ಷರದ ಒರಟಿಗೆ ಕೊಳೆ ಚೆನ್ನಾಗಿ ಬಿಡುತ್ತದೆ ಎಂಬುದು ಅವಳ ವಾದ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಗುತ್ತಿತ್ತು. ಯಾರಾದರೂ ಬಂದರೆ ಒದ್ದೆ ಸೀರೆ ಹರವಿ ಮುಚ್ಚುತ್ತಿದ್ದೆ.

ಮುಂದಿನ ಚುನಾವಣೆಗೆ ಸಾಹೇಬರು ಕೈಮುಗಿದುಕೊಂಡು ಅಂಗಳಕ್ಕೇ ಬಂದರು. ಸೋಪಿನ ನೊರೆಯಡಿ ತಮ್ಮ ಹೆಸರು ಕಂಡು ನಿಂತುಬಿಟ್ಟರು. ಹಿಂದಿದ್ದವನೊಬ್ಬ, "ಎತ್ರಲೇ ಆ ಕಲ್ಲ!" ಎಂದು ಗದರಿದ. ಅವ್ವ ಹಿಂಡುತ್ತಿದ್ದ ಬಟ್ಟೆ ಕೆಳಗಿಡಲಿಲ್ಲ.

"ನೀವ್ಯಾಕ ಎತ್ತತೀರಿ? ಸಾಲಿ ಕಟ್ಟಸ್ರಿ, ನಾನೇ ತಲಿಮ್ಯಾಲೆ ಹೊತ್ತು ತರತೀನಿ."

"ಈ ಸಲ ಖಂಡಿತ ಅಕ್ಕಾ," ಎಂದು ಸಾಹೇಬರು ನಕ್ಕರು. ಗೆದ್ದರು. ಮತ್ತೂ ಗೆದ್ದರು.

ಕೊನೆಗೊಮ್ಮೆ ಸೋತ ಮೇಲೆ ಒಬ್ಬರೇ ಬಂದರು. ಬೇರೆ ಊರುಗಳಲ್ಲಿ ಅವರ ಕಲ್ಲುಗಳನ್ನು ಕಿತ್ತು ಹೊಸಬರ ಹೆಸರು ಹಾಕಿದ್ದರಂತೆ. "ದಿನಾ ತಿಕ್ಕಿ ತೊಳದು ನನ್ನ ಹೆಸರು ನೀನೊಬ್ಬಾಕಿ ಉಳಿಸೀದಿ. ಈ ಕಲ್ಲು ನನಗ ಕೊಡು ಅಕ್ಕಾ," ಎಂದರು.

ಅವ್ವ ಚಹಾ ಕೊಟ್ಟಳು, ಕಲ್ಲು ಕೊಡಲಿಲ್ಲ. "ಇದು ನಿಮ್ಮ ಹೆಸರಲ್ರಿ ಸಾಹೇಬ್ರ. ನನ್ನ ಮಗಳ ಸಾಲಿ."

ಅವ್ವ ಈಗಿಲ್ಲ. ಸೋದರಮಾವನನ್ನೇ ಮದುವೆಯಾಗಿ ಇದೇ ಮನೆಯಲ್ಲುಳಿದ ನಾನು, ಎಷ್ಟೋ ವರ್ಷದ ಮೇಲೆ ಮನೆಯಲ್ಲೇ ಓದಿ ಪರೀಕ್ಷೆಗೆ ಕಟ್ಟಿ, ಗಣಿತದಲ್ಲಿ ಮೂರು ಸಲ ಮುಗ್ಗರಿಸಿ ಹತ್ತನೇ ತರಗತಿ ದಾಟಿದೆ. ವಾಷಿಂಗ್ ಮಷಿನ್ ಬಂದಿದೆ. ಕಲ್ಲು ಮಾತ್ರ ಕದಲಿಲ್ಲ. ನಮ್ಮೂರ ಹುಡುಗಿಯರು ಈಗಲೂ ಎಂಟನೇ ತರಗತಿಗೆ ಹಿರೇಹಡಗಲಿ ಬಸ್ಸಿಗೆ ಜೋತುಬೀಳುತ್ತಾರೆ. ಬಸ್ಸು ತಪ್ಪಿದ ದಿನ ಶಾಲೆಯೂ ತಪ್ಪುತ್ತದೆ.

ಹನುಮಂತ ಇಡೀ ಕಲ್ಲಿಗೆ ಅಂಟು ಬಳಿಯಲು ಹೊರಟ. ತಡೆದೆ.

"ಹೆಸರು ಮುಚ್ಚಪ್ಪಾ, ಬ್ಯಾಡ ಅನ್ನಂಗಿಲ್ಲ. ಕೆಳಗ ಬರದಿದ್ದು ಮುಚ್ಚಬ್ಯಾಡ."

ಅವನು ಹೆಸರಿನ ಮೇಲಷ್ಟೇ ಪೇಪರು ಅಂಟಿಸಿ ಹೋದ. ನಾನು ಬ್ರಷ್ ತಂದು ಕೆಳಗಿನದನ್ನು ತಿಕ್ಕಿದೆ: 'ಸರಕಾರಿ ಪ್ರೌಢಶಾಲೆ ಕಟ್ಟಡದ ಅಡಿಗಲ್ಲು.' ನಾಳೆ ಹೊಸ ಅಭ್ಯರ್ಥಿ ಮನೆಮನೆಗೆ ಬರುತ್ತಾರಂತೆ. ಒದ್ದೆ ಸೀರೆ ಹರವುವ ಕಾಲ ಮುಗಿಯಿತು. ಅವರಿಗೆಂದು ಕಲ್ಲಿನ ಎದುರಿಗೇ ಕುರ್ಚಿ ಹಾಕಿಟ್ಟಿದ್ದೇನೆ.