ಹಚಾ ಮಾವ
ಕುದುರೆ ಲಾಯದ ಕಾವಲಿಗಿದ್ದ ನನ್ನ ಗೆಳೆಯನನ್ನು ಬೀದಿಯವರೆಲ್ಲ ‘ಹಚಾ ಮಾವ’ ಎಂದೇ ಕರೆಯುತ್ತಿದ್ದರು. ನಾಯಿ ಓಡಿಸುವ ಆ ಒಂದು ಶಬ್ದ ಅವನ ನಾಲಿಗೆಯ ಮೇಲೇ ಮನೆ ಮಾಡಿತ್ತು. ಕೆಮ್ಮಿದರೂ ಆಕಳಿಸಿದರೂ ಕೊನೆಗೊಂದು ‘ಹಚಾ’ ಬರುತ್ತಿತ್ತು. ಒಮ್ಮೆ ಮಧ್ಯಾಹ್ನದ ನಿದ್ದೆಗಣ್ಣಿನಲ್ಲಿ, ಬಾಗಿಲು ಸದ್ದಾದಾಗಲೂ ಹಾಗೇ ಗದರಿದ. “ಬಂದಿರೋದು ನಮ್ಮಪ್ಪ ಕಣ್ರೀ!” ಎಂದು ಹೆಂಡತಿ ರೇಗಿದರೆ, “ಹಾಗಾದ್ರೆ ಬಾಗಿಲು ಪರಚಬೇಡಿ ಅನ್ನು” ಎಂದು ಮಗ್ಗುಲು ಬದಲಿಸಿದ. ಲಾಯದ ಬೇಲಿಯ ಸಂದಿಗಳಿಗೆ ಮುಳ್ಳು ತುರುಕುವುದು ಅವನಿಗೆ ಊಟದಷ್ಟೇ ನಿತ್ಯದ್ದು. ನಾಯಿಗಳಿಗೆ ಕೋಲು ತೋರಿಸುತ್ತಿದ್ದನೇ ಹೊರತು ಬೀಸಿದ್ದನ್ನು ನಾನು ಕಾಣೆ. ಆದರೂ ಬೇಲಿ ನುಸುಳಿ ಅವುಗಳ ಗುಂಪು ಒಳಬಂದರೆ, ಅವನು ಮೊದಲು ಓಡುತ್ತಿದ್ದದ್ದು ಕುದುರೆಮರಿಯ ಬಳಿಗೆ. ಬೆದರಿ ಓಡುವ ಮರಿಯನ್ನೇ ನಾಯಿಗಳು ಅಟ್ಟಿ ಕೆಡವುವುದು. ಅದಕ್ಕೇ ಮರಿಯ ಕಣ್ಣನ್ನು ಅಂಗೈಯಿಂದ ಮುಚ್ಚಿ, “ನಾನಿದೀನಿ ಕಣೋ, ನಿಂತ್ಕೋ” ಎನ್ನುತ್ತಿದ್ದ. ಇನ್ನೊಂದು ಕೈಯಲ್ಲಿ ಕೋಲಿರುತ್ತಿತ್ತು. ಅವನು ತೀರಿಕೊಂಡ ಮೇಲೆ ಲಾಯವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಬೊಗಳುವ ಸದ್ದು ಕೇಳಿದರೆ ಮರಿ ಈಗಲೂ ಓಡುವುದಿಲ್ಲ. ಬಯಲಿನ ನಡುವೆ ನಿಂತು ತಾನೇ ಕಣ್ಣು ಮುಚ್ಚಿಕೊಳ್ಳುತ್ತದೆ. ನಾಯಿಗಳಿಗಿಂತ ಮೊದಲು ಅದನ್ನು ಮುಟ್ಟಬೇಕೆಂದು, ಈ ವಯಸ್ಸಿನಲ್ಲಿ, ನಾನು ಓಡುತ್ತೇನೆ.