ಅತ್ತಿಗೆಯ ಮೊರ

ನಮ್ಮ ಮನೆಯ ಬಿದಿರಿನ ಮೊರಕ್ಕೆ ಎರಡು ಉದ್ಯೋಗಗಳಿದ್ದವು. ವರ್ಷವೆಲ್ಲ ಅದು ರಾಗಿ ಕೇರುತ್ತಿತ್ತು. ವಿಜಯದಶಮಿಯ ಬೆಳಿಗ್ಗೆ ಮಾತ್ರ ಪಾಠಶಾಲೆಯಾಗುತ್ತಿತ್ತು. ಎರಡಕ್ಕೂ ಮುಖ್ಯಸ್ಥೆ ನನ್ನ ಅತ್ತಿಗೆ.

ಅವರು ಚನ್ನರಾಯನದುರ್ಗದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದರು. ಮಧುಗಿರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ನಮ್ಮನ್ನು ಆಳುತ್ತಿದ್ದರು. ಅಣ್ಣ ಬಹಳ ಬೇಗ ಹೋದ. ಆಮೇಲೆ ಯಾರಿಗೆ ಎಲ್ಲಿಂದ ಹೆಣ್ಣು ತರಬೇಕು, ಯಾವ ಹೊಲವನ್ನು ಪಾಲಿಗೆ ಕೊಡಬೇಕು, ಶಿರಾದ ಬೀಗರ ಜೊತೆ ಎಷ್ಟು ಕಾಲ ಮಾತು ಬಿಡಬೇಕು, ಎಲ್ಲವೂ ಅವರದೇ ತೀರ್ಮಾನ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಈ ಸರ್ಕಾರದಲ್ಲೂ ಗುಮಾಸ್ತನೇ. ನನ್ನ ಮದುವೆಯ ವಿಷಯವನ್ನು ಅವರು ಎರಡು ಸಲ ಎತ್ತಿದರು. ಎರಡು ಸಲವೂ ನಾನು ಕೆಮ್ಮಿದೆ. ಕಡತ ಅಲ್ಲಿಗೆ ಮುಕ್ತಾಯವಾಯಿತು.

ನಮ್ಮ ವಂಶದ ಯಾವ ಮಗುವಿಗೆ ಅಕ್ಷರಾಭ್ಯಾಸವಾಗಬೇಕಾದರೂ ಅದು ನಮ್ಮ ಮನೆಯಲ್ಲಿ, ಆ ಮೊರದಲ್ಲಿ, ಅತ್ತಿಗೆಯ ಕೈಯಲ್ಲೇ ಆಗಬೇಕು. ಉಳಿದವರು ತಟ್ಟೆಯಲ್ಲಿ ಅಕ್ಕಿ ಹರಡಿದರೆ ಇವರು ಮೊರದಲ್ಲಿ ರಾಗಿ ಹರಡುತ್ತಿದ್ದರು. ಪುರೋಹಿತರು ಒಮ್ಮೆ ಆಕ್ಷೇಪಿಸಿದಾಗ, ಅಕ್ಕಿ ಹಬ್ಬಕ್ಕೆ ಉಣ್ಣುವುದು, ಓದು ದಿನಾ ಉಣ್ಣುವುದು ಎಂದು ಅವರ ಬಾಯಿ ಮುಚ್ಚಿಸಿದ್ದರು. ಪುರೋಹಿತರು ಮಗುವಿನ ಕೈಹಿಡಿದು ಶ್ರೀ ಬರೆಸುವವರೆಗೂ ಅತ್ತಿಗೆ ತಾಳ್ಮೆಯಿಂದ ಕಾಯುತ್ತಿದ್ದರು. ಅವರು ದಕ್ಷಿಣೆ ತೆಗೆದುಕೊಂಡು ಎದ್ದೊಡನೆ ಮೊರ ಕುಲುಕಿ ಶ್ರೀಯನ್ನು ಅಳಿಸಿ, ಸುಲಭದ ಅಕ್ಷರವೆಂದು ರ ದಿಂದ ನಿಜವಾದ ಪಾಠ ಶುರು ಮಾಡುತ್ತಿದ್ದರು.

ಬೆರಳು ಹಿಡಿಯುವುದರಲ್ಲಿ ಅವರದೊಂದು ಪದ್ಧತಿ. ಎಲ್ಲರಂತೆ ಮೇಲಿಂದ ಹಿಡಿಯುತ್ತಿರಲಿಲ್ಲ. ತಮ್ಮ ಅಂಗೈಯನ್ನು ಮಗುವಿನ ಕೈ ಕೆಳಗೆ ಒಡ್ಡಿ, ಬೆರಳನ್ನು ಸುಮ್ಮನೆ ಹೊತ್ತುಕೊಳ್ಳುತ್ತಿದ್ದರು. ಯಾವುದೋ ಒಂದು ಗಳಿಗೆಯಲ್ಲಿ ಮಗು ಬೆರಳು ಕಿತ್ತುಕೊಂಡು ತಾನೇ ಗೀಚತೊಡಗುತ್ತಿತ್ತು. ಅತ್ತಿಗೆ ಕಾಯುತ್ತಿದ್ದುದೇ ಅದಕ್ಕೆ. "ಕಿತ್ಕಂತು ನೋಡ್ರಿ," ಎಂದು ಎಲ್ಲರ ಮುಖವನ್ನೂ ಒಮ್ಮೆ ನೋಡುತ್ತಿದ್ದರು.

ಅವರ ಮೊದಲ ಶಿಷ್ಯ ನಾನೇ. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಮೂಗು ಸುರಿಸಿಕೊಂಡು ಓಡಾಡುವ ಮೈದುನ. ನಾನು ಬೆರಳು ಕಿತ್ತುಕೊಳ್ಳಲೇ ಇಲ್ಲವಂತೆ. ಪ್ರತಿ ದಶಮಿಗೂ ನೆಂಟರ ಮುಂದೆ ಇದರ ಪಾರಾಯಣ: "ಇವ್ನು ಕಿತ್ಕಳ್ಳೇ ಇಲ್ಲ ಕಣಮ್ಮ. ನನ್ ಕೈಯೇ ಮರಗಟ್ಟೋಯ್ತು."

ಬರೆದ ರಾಗಿಯನ್ನು ಎತ್ತಿಡುವಂತಿರಲಿಲ್ಲ. ಹಬ್ಬದ ದಿನ ಗಿರಣಿ ಮುಚ್ಚಿರುತ್ತದೆ. ಆದ್ದರಿಂದ ಮರುದಿನ ಬೀಸಿಸಿ, ಆ ಹಿಟ್ಟಿನ ಮುದ್ದೆ ಉಂಡ ಮೇಲೆಯೇ ಬಂದವರು ಊರಿಗೆ ಹೊರಡಬಹುದೆಂಬುದು ನಿಯಮ. ಇದನ್ನು ಯಾವ ಶಾಸ್ತ್ರ ಹೇಳಿದೆಯೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನೆಂಟರನ್ನು ಇನ್ನೊಂದು ರಾತ್ರಿ ಉಳಿಸಿಕೊಳ್ಳುವ ಉಪಾಯ ಅದೆಂದು ನನಗೆ ಹೊಳೆದದ್ದು ಅತ್ತಿಗೆ ಹೋದ ಮೇಲೆ.

ಹೋದ ಬೇಸಿಗೆಯಲ್ಲಿ ಅತ್ತಿಗೆ ತೀರಿಕೊಂಡರು. ತಿಥಿ ಮುಗಿಸಿ ಎಲ್ಲರೂ ಹೊರಟರು. ಆಜ್ಞೆ ಮಾಡುವವರಿಲ್ಲದೆ ನಾನು ಎರಡನೇ ಸಲ ನಿವೃತ್ತನಾದೆ. ಈ ನಿವೃತ್ತಿಗೆ ಹಾರ ತುರಾಯಿ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಉಪ್ಪು ಹೆಚ್ಚಾಗಿದೆ ಎಂದು ಗೊಣಗಿದರೆ, ಅಡುಗೆ ಮಾಡಿದವನೂ ನಾನೇ ಆಗಿರುತ್ತಿದ್ದೆ.

ದಸರಾ ಹತ್ತಿರ ಬಂತು. ಅತ್ತಿಗೆಯ ಮಗನಿಗೆ ಪಾವಗಡದ ಆಚೆಯ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ. ಅವನ ಮಗಳಿಗೆ ಅಕ್ಷರದ ವಯಸ್ಸು. ಫೋನು ಮಾಡಿದೆ. ರಜ ಸಿಗಲ್ಲ ಚಿಕ್ಕಪ್ಪ, ಇಲ್ಲೇ ಬರೆಸಿಬಿಡ್ತೀವಿ ಎಂದ. ಈ ವರ್ಷ ಮೊರ ಗೋಡೆಯ ಮೊಳೆಯಲ್ಲೇ ಉಳಿದರೆ ಪದ್ಧತಿಯೇ ತಪ್ಪಿಹೋಗುತ್ತದೆ; ಮಧುಗಿರಿಯ ಈ ಮನೆಗೆ ಬರಲು ಇನ್ನು ಯಾರಿಗೂ ಕಾರಣವೇ ಇರುವುದಿಲ್ಲ. ಹಾಗಾದರೆ ನಾನೇ ಬರುತ್ತೇನೆ, ಬೆರಳು ನಾನೇ ಹಿಡಿಯುತ್ತೇನೆ ಎಂದೆ. ಅವನು ಬನ್ನಿ ಎಂದ.

ಒಂದು ವಾರ ತಯಾರಿ ನಡೆಸಿದೆ. ರಾಗಿ ಹರಡಿ, ನನ್ನ ಬಲಗೈ ಬೆರಳನ್ನು ಎಡ ಅಂಗೈಯಲ್ಲಿ ಹೊತ್ತು ರ ಬರೆಸಿ ನೋಡಿದೆ. ಮೇಷ್ಟರೂ ದಡ್ಡ, ಶಿಷ್ಯನೂ ದಡ್ಡ.

ಹಬ್ಬದ ಬೆಳಿಗ್ಗೆ ರಾಗಿಯ ಚೀಲವನ್ನು ಕಾಲ ಬಳಿ ಇಟ್ಟು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಪಾವಗಡದ ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು ಮೊರ ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದಳು. ಮಾರುವುದಲ್ಲಮ್ಮ ಎಂದೆ. ಪಾವಗಡದಲ್ಲಿ ಮೊರ ಸಿಗಲ್ವಾ ಎಂದಳು. ಇದು ಪಾಠದ ಸಾಮಾನು ಎಂದೆ. ಅವಳು ಕಿಟಕಿಯ ಕಡೆ ಸ್ವಲ್ಪ ಸರಿದು ಕೂತಳು.

ತಿರುಮಣಿಯ ಹತ್ತಿರ, ಹೊಲಗಳಿದ್ದ ಕಡೆಯೆಲ್ಲ ಸೋಲಾರ್ ಹಲಗೆಗಳು, ಒರೆಸಿ ಬಿಸಿಲಿಗಿಟ್ಟ ಸ್ಲೇಟುಗಳ ಹಾಗೆ. ಬರೆಯುವವರು ಯಾರೂ ಕಾಣಲಿಲ್ಲ.

ಅತ್ತಿಗೆಯ ಮಗ ಡ್ಯೂಟಿಯ ಬಟ್ಟೆಯಲ್ಲೇ ಕಾಯುತ್ತಿದ್ದ. ಪುರೋಹಿತರಿಲ್ಲದ್ದರಿಂದ ಶ್ರೀ ನಾನೇ ಬರೆದು ನಾನೇ ಅಳಿಸಿದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗೈ ಒಡ್ಡಿದೆ. ಬೆರಳು ಬೆಚ್ಚಗಿತ್ತು. ಹೇಗೋ ನನ್ನ ಕೈಗೆ ಅತ್ತಿಗೆಯ ಕೈ ನೆನಪಾಯಿತು. ರ ಅರ್ಧ ಸುತ್ತಿತ್ತು, ಅಷ್ಟೇ. ಮಗು ಬೆರಳು ಕಿತ್ತುಕೊಂಡಿತು.

"ತಾತಾ, ನೇನೇ ರಾಸ್ತಾ," ಎಂದಿತು. ನಾನೇ ಬರೀತೀನಿ ಎಂದು, ಆ ಕೇರಿಯ ಮಕ್ಕಳಿಂದ ಕಲಿತ ತೆಲುಗಿನಲ್ಲಿ.

ಎಲ್ಲರೂ ನಕ್ಕರು. "ಕಿತ್ಕಂತು ನೋಡ್ರಿ," ಎಂದೆ. ಮಗ ತಟ್ಟನೆ ನನ್ನ ಮುಖ ನೋಡಿ, ಹೊತ್ತಾಯಿತೆಂದು ಚಪ್ಪಲಿ ಹುಡುಕಲು ಹೋದ. ಅತ್ತಿಗೆಯ ಲೆಕ್ಕದಲ್ಲಿ ಮಗು ಹೀಗೆ ಕಿತ್ತುಕೊಳ್ಳುವುದಕ್ಕಿಂತ ದೊಡ್ಡ ಜಯವಿಲ್ಲ. ಮಗು ಮೊರದ ತುಂಬ ಗೀಚುತ್ತಿತ್ತು. ನನ್ನ ಅಂಗೈ ಅಲ್ಲೇ ಮೊರದ ಅಂಚಿನಲ್ಲಿ ತೆರೆದುಕೊಂಡೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಸೊಸೆ ಒಳ್ಳೆಯವಳು. ಇವತ್ತು ಉಳ್ಕೊಳ್ಳಿ ಮಾವ ಎಂದಳು. ಇದ್ದದ್ದು ಒಂದೇ ಕೋಣೆ. ಊರಲ್ಲಿ ಕೆಲಸವಿದೆ ಎಂದೆ. ಯಾವ ಕೆಲಸವೆಂದು ಅವಳು ಕೇಳದೆ ಉಪಕಾರ ಮಾಡಿದಳು. ರಾಗಿಯನ್ನು ಇಲ್ಲೇ ಬೀಸಿಸಿ ಉಣ್ಣಿ ಎಂದೆ. "ನಮ್ಮನೇಲಿ ಯಾರೂ ಮುದ್ದೆ ಉಣ್ಣಲ್ಲ ಮಾವ. ಹುಳ ಬೀಳ್ತದೆ, ನೀವೇ ತಗೊಂಡೋಗಿ," ಎಂದು ಚೀಲದ ಬಾಯಿ ಕಟ್ಟಿಕೊಟ್ಟಳು.

ಮರುದಿನ ಗಿರಣಿಗೆ ಹೋದೆ. ಗಿರಣಿಯವನು ಚೀಲ ಎತ್ತಿ ನೋಡಿ, "ಇಷ್ಟೇಯಾ ಯಜಮಾನ್ರೇ? ಕಲ್ಲಿಗೇ ಮೆತ್ಕಂಬುಡ್ತದೆ," ಎಂದ. ಈ ವರ್ಷ ಇಷ್ಟೇ ಎಂದೆ.

ಮುದ್ದೆ ಕಟ್ಟಿ ಉಂಡೆ. ಉಂಡವರು ಇನ್ನು ಹೊರಡಬಹುದೆಂದು ನಿಯಮ. ಹೊರಡುವವರು ಯಾರೂ ಇರಲಿಲ್ಲ. ಕೈ ತೊಳೆದು, ಮೊರವನ್ನು ಒರೆಸಿ ಮೊಳೆಗೆ ಹಾಕಿದೆ.